ದಿಂಬಿನ ಗಲೀಫಿನ ಇಕ್ಕಟ್ಟು ಅಕ್ಷರ

ಕಸೂತಿ ಹಾಕಿದ ಯಾವುದೇ ಬಟ್ಟೆ ಕೈಗೆ ಸಿಗಲಿ, ನಾನು ಮೊದಲು ಅದನ್ನು ತಿರುವಿ ಹಾಕಿ ಹಿಂಭಾಗ ನೋಡುತ್ತೇನೆ. ಇದೊಂದು ಕೆಟ್ಟ ಚಾಳಿ ಎಂಬುದು ನಮ್ಮ ಮನೆಯವರೆಲ್ಲರ ಒಮ್ಮತದ ಅಭಿಪ್ರಾಯ. ಹರಪನಹಳ್ಳಿಯ ಅಂಗಡಿಯಲ್ಲಿ ಸೀರೆ ಬಿಡಿಸಿ ಹಾಸಿದವರು ಸೆರಗಿನ ಹೂವು ತೋರಿಸುತ್ತಿದ್ದರೆ ನಾನು ಆ ಹೂವಿನ ಬೆನ್ನು ಹುಡುಕುತ್ತಿರುತ್ತೇನೆ. ಮದುವೆ ಮನೆಯಲ್ಲಿ ಪಕ್ಕಕ್ಕೆ ಕೂತವರ ರವಿಕೆಯ ತೋಳಂಚನ್ನು ಎರಡು ಬೆರಳಲ್ಲಿ ಮಡಚಿ ನೋಡಿ ಮುಖ ಸಿಂಡರಿಸಿಕೊಂಡವರನ್ನು ಸಮಾಧಾನ ಮಾಡಿದ್ದೇನೆ. ಒಮ್ಮೆ ಬಸ್ಸಿನಲ್ಲಿ ಮುಂದಿನ ಸೀಟಿನ ಅಪರಿಚಿತ ಹೆಂಗಸಿನ ಸೆರಗು ನನಗೇ ಗೊತ್ತಿಲ್ಲದೆ ನನ್ನ ಕೈಗೆ ಬಂದುಬಿಟ್ಟಿತ್ತು. ಆಕೆ ಹಡಗಲಿಯವರೆಗೂ ತನ್ನ ಚೀಲವನ್ನು ಎದೆಗೆ ಅವುಚಿಕೊಂಡೇ ಕೂತಿದ್ದಳು.

"ನನ್ನನ್ನೂ ಹಿಂಗೇ ಹಿಂದೆ ತಿರುಗಿಸಿ ನೋಡಿ ಒಪ್ಪಿದ್ದೇನು?" ಎಂದು ನಮ್ಮ ಯಜಮಾನರು ಕೇಳುತ್ತಾರೆ. ಇಲ್ಲ, ನೋಡಿದ್ದರೆ ಒಪ್ಪುತ್ತಿರಲಿಲ್ಲ ಎಂದು ನಾನು ಹೇಳುತ್ತೇನೆ. ಇದು ನಮ್ಮಲ್ಲಿ ವರ್ಷಕ್ಕೆ ಎರಡು ಮೂರು ಸಲ ನಡೆಯುವ ಸಂಭಾಷಣೆ.

ಈಚೆಗೆ ನಮ್ಮೂರಿಗೂ ಕಂಪ್ಯೂಟರ್ ಕಸೂತಿಯ ಮಿಷನ್ನು ಬಂದಿದೆ. ಬಟನ್ ಒತ್ತಿ ಪಕ್ಕಕ್ಕೆ ನಿಂತರೆ ಸಾಕು, ನವಿಲು ತಾನಾಗಿಯೇ ಗರಿ ಬಿಚ್ಚುತ್ತದೆ. ಕುತೂಹಲಕ್ಕೆ ಹೋಗಿ ನೋಡಿದೆ. ಹತ್ತು ರವಿಕೆಗಳ ಹತ್ತು ನವಿಲುಗಳೂ ಒಂದೇ ತೆರ. ಎಂದಿನಂತೆ ತಿರುವಿ ನೋಡಿದೆ. ಒಂದು ಗಂಟಿಲ್ಲ, ಒಂದು ತಪ್ಪು ಟಾಕಿಲ್ಲ. ಚೆನ್ನಾಗಿದೆ ಎಂದು ಹೇಳಿ ಹೊರಬಂದೆ. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ಏನೋ ಕಳೆದುಕೊಂಡವಳ ಹಾಗಿತ್ತು ನನ್ನ ಮನಸ್ಸು. ತಪ್ಪೇ ಇಲ್ಲದ ಬಟ್ಟೆಯಲ್ಲಿ ಇದು ಇಂಥವರ ಕೈ ಎಂದು ಹೇಗೆ ಗುರುತು ಹಿಡಿಯುವುದು ಹೇಳಿ? ನನಗೆ ಗುರುತು ಹಿಡಿಯುವುದನ್ನು ಕಲಿಸಿದವಳು ಮೆಹರುನ್ನೀಸಾ ಆಪಾ. ಈ ಹಿಂಭಾಗ ನೋಡುವ ಚಾಳಿಯೂ ಆಕೆಯದೇ.

ತೊಂಬತ್ತರ ದಶಕದ ನಡುವಿನ ಮಾತು. ನನ್ನ ತವರೂರು ಕೊಟ್ಟೂರಿನಲ್ಲಿ ಗಣಿತ ಮತ್ತು ಇಂಗ್ಲಿಷು ಇಬ್ಬರೂ ಸೇರಿಕೊಂಡು ನನ್ನನ್ನು ಎಸ್ಸೆಸ್ಸೆಲ್ಸಿಯಲ್ಲಿ ಕೆಡವಿದ್ದರು. ಕನ್ನಡದಲ್ಲಿ ಮಾತ್ರ ಒಳ್ಳೆಯ ಅಂಕ ಬಂದಿತ್ತು. ಅದನ್ನು ನಾನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದೆ. ಫೇಲಾದ ಹುಡುಗಿಯ ಮುಂದೆ ಆ ಕಾಲದಲ್ಲಿ ಇದ್ದ ದಾರಿಗಳು ಎರಡು: ಒಂದು ಮದುವೆ, ಇನ್ನೊಂದು ಮದುವೆಯಾಗುವವರೆಗೆ ಹೊಲಿಗೆ. ನಮ್ಮವ್ವ ನನ್ನನ್ನು ಕೈಹಿಡಿದು ಬಸ್ ನಿಲ್ದಾಣದ ಹಿಂದಿನ ಓಣಿಗೆ ಕರೆದುಕೊಂಡು ಹೋದಳು. ಅಲ್ಲಿ ಲಾರಿ ಮೆಕ್ಯಾನಿಕ್ ಒಬ್ಬರ ಮನೆ. ಅವರ ಹೆಂಡತಿಯೇ ಓಣಿಯವರೆಲ್ಲ ಅಕ್ಕ ಎಂಬರ್ಥದಲ್ಲಿ ಕರೆಯುತ್ತಿದ್ದ ಆಪಾ. ಅವರಿಗೆ ಶಬಾನಾ ಎಂಬ ಪುಟ್ಟ ಮಗಳು. ಮುಂದಿನ ಕೋಣೆಯಲ್ಲಿ ಕಾಲಲ್ಲಿ ತುಳಿಯುವ ಎರಡು ಮಿಷನ್ನುಗಳು, ಕಿಟಕಿಗೆ ಎದುರಾಗಿ.

"ಮನ್ಯಾಗ ಕುಂತು ಗ್ವಾಡಿ ನೋಡ್ತಾಳ ಆಪಾ, ಏನರ ಕಲಸ್ರಿ," ಎಂದಳು ಅವ್ವ.

ಆಪಾ ನನ್ನ ಮುಖ ನೋಡಲಿಲ್ಲ. "ಕೈ ತೋರಸು," ಎಂದಳು. ತೋರಿಸಿದೆ. ಅಂಗೈ ಒತ್ತಿ ನೋಡಿ, "ಬೆವರು ಕೈ ಐತಿ. ಬಿಳಿ ಬಟ್ಟಿ ಮುಟ್ಟೋಕಿಂತ ಮೊದಲು ಪೌಡರ್ ಹಚ್ಕೋಬೇಕು ನೋಡವಾ," ಎಂದು ಒಂದು ಡಬ್ಬಿ ಮುಂದಿಟ್ಟಳು. ಮುಖಕ್ಕೆ ಹಚ್ಚಿಕೊಳ್ಳಲು ಮನೆಯಲ್ಲಿ ಪೌಡರಿಗೆ ಪರದಾಡುತ್ತಿದ್ದ ನನಗೆ ಅಂಗೈಗೆ ಹಚ್ಚಿಕೋ ಎಂದು ಕೊಟ್ಟವಳು ಆಕೆಯೊಬ್ಬಳೇ. ಹೆಸರೇನು ಎಂದು ಆಮೇಲೆ ಕೇಳಿದಳು. ಕೊಟ್ರಮ್ಮ ಎಂದೆ. ನಮ್ಮೂರಲ್ಲಿ ಕೊಟ್ರಮ್ಮಾ ಎಂದು ಕೂಗಿದರೆ ನಲ್ಲಿಯ ಹತ್ತಿರ ಮೂವರು, ಗಿರಣಿಯ ಹತ್ತಿರ ಇಬ್ಬರು ಓ ಎನ್ನುತ್ತಾರೆ. ಆಪಾ ನಕ್ಕು, "ನೀನು ನನಗ ಕೊಟ್ರಿ," ಎಂದಳು. ಆವತ್ತಿನಿಂದ ಆ ಓಣಿಯಲ್ಲಿ ನಾನು ಬೇರೆಯೇ ಒಬ್ಬಳಾದೆ.

ಮಿಷನ್ ಕಸೂತಿಯಲ್ಲಿ ಎಷ್ಟು ತಪ್ಪು ಮಾಡಬಹುದೋ ಅಷ್ಟನ್ನೂ ನಾನು ಶ್ರದ್ಧೆಯಿಂದ ಮಾಡಿದ್ದೇನೆ. ಮೊದಲ ದಿನದ್ದನ್ನೇ ಹೇಳುತ್ತೇನೆ. ಕಸೂತಿ ಮಾಡುವಾಗ ಬಟ್ಟೆಯನ್ನು ಒತ್ತಿ ಹಿಡಿಯುವ ಪಾದವನ್ನು ಮಿಷನ್ನಿನಿಂದ ಬಿಚ್ಚಿಡುತ್ತಾರೆ. ಬಟ್ಟೆಯನ್ನು ಮರದ ರಿಂಗಿಗೆ ಬಿಗಿದು, ರಿಂಗನ್ನು ಕೈಯಿಂದಲೇ ಬೇಕಾದ ಕಡೆ ಆಡಿಸಬೇಕು. ಪಾದವೇ ಇಲ್ಲವಲ್ಲ, ಇನ್ನು ಪಾದ ಇಳಿಸುವ ಹಿಡಿಯನ್ನು ಯಾಕೆ ಇಳಿಸಬೇಕು ಎಂದು ನನ್ನ ಬುದ್ಧಿ. ಎಸ್ಸೆಸ್ಸೆಲ್ಸಿಯ ಗಣಿತದಲ್ಲೂ ನಾನು ಹೀಗೆಯೇ ಯೋಚಿಸಿದ್ದು. ತುಳಿದೆ. ಎರಡು ಬೆರಳಿನಷ್ಟು ಉದ್ದ ಹೋಗಿ ಮಿಷನ್ನು ಗಕ್ಕನೆ ನಿಂತಿತು. ರಿಂಗು ಎತ್ತಲು ಹೋದರೆ ಕೆಳಗಿನಿಂದ ಯಾರೋ ಹಿಡಿದುಕೊಂಡ ಹಾಗೆ. ಆಪಾ ಬಂದು ಬಗ್ಗಿ ನೋಡಿದಳು.

"ಗುಬ್ಬಿ ಗೂಡು ಕಟ್ಟೀಯಲ್ಲೇ! ಮೊಟ್ಟಿ ಯಾವಾಗ ಇಡ್ತೈತಿ?"

ಬಟ್ಟೆಯ ಅಡಿಗೆ ದಾರವೆಲ್ಲ ಸೇರಿ ಗಂಟಾಗಿ ಕೂತಿತ್ತು. ಪಾದ ಇರಲಿ, ಬಿಡಲಿ, ಹಿಡಿ ಇಳಿಸಿದರೆ ಮಾತ್ರ ಮೇಲಿನ ದಾರಕ್ಕೆ ಬಿಗಿ ಬರುವುದು. ಇಲ್ಲದಿದ್ದರೆ ದಾರ ಸಡಿಲವಾಗಿ ಕೆಳಗೆ ಸುರಿಯುತ್ತದೆ. ಇದನ್ನು ಆಪಾ ಒಂದೇ ಸಲ ಹೇಳಿದಳು. ನಾನು ಆರು ಸಲ ಮರೆತೆ. ಶುರು ಮಾಡುವ ಮೊದಲು ಅಡಿಯಲ್ಲಿರುವ ಬಾಬಿನ್ನಿನ ದಾರವನ್ನು ಮೇಲಕ್ಕೆ ಎಳೆದುಕೊಂಡು, ಎರಡೂ ದಾರದ ತುದಿಗಳನ್ನು ಬೆರಳಲ್ಲಿ ಹಿಡಿದು ನಾಲ್ಕು ಟಾಕು ಹಾಕಬೇಕು, ಆಮೇಲೆ ಬಿಡಬೇಕು ಎಂಬುದನ್ನೂ ಹಾಗೆಯೇ ಮರೆತೆ. ಸೂಜಿಗಳನ್ನು ಮುರಿದದ್ದಕ್ಕೆ ಲೆಕ್ಕವಿಲ್ಲ. ಕೈ ಮುಂದಕ್ಕೆ ಓಡಿ ಕಾಲು ಹಿಂದೆ ಉಳಿದರೆ ಸೂಜಿ ಬಟ್ಟೆಯೊಳಗೆ ಇರುವಾಗಲೇ ರಿಂಗು ಜಗ್ಗಿ ಚಟ್ ಎನ್ನುತ್ತದೆ. "ಕೈಗೂ ಕಾಲಿಗೂ ಜಗಳ ಹಚ್ಚಬ್ಯಾಡ. ಎರಡೂ ನಿನ್ನವ ಅದಾವ," ಎನ್ನುತ್ತಿದ್ದಳು ಆಪಾ.

ರಿಂಗಿಗೆ ಬಟ್ಟೆ ಬಿಗಿಯುವುದೂ ಒಂದು ವಿದ್ಯೆ. ಸಡಿಲವಾದರೆ ಹೂವಿನ ಸುತ್ತ ಸುಕ್ಕು ಬಿದ್ದು ಗುಲಾಬಿಯು ಮುದುಕಿಯ ಬಾಯಿಯಾಗುತ್ತದೆ. ಒಳಗಿನ ರಿಂಗಿಗೆ ಹಳೇ ಬಟ್ಟೆಯ ಪಟ್ಟಿ ಸುತ್ತಿ, ಅದರ ಮೇಲೆ ಬಟ್ಟೆ ಹಾಸಿ, ಹೊರಗಿನದನ್ನು ಒತ್ತಿ, ಸ್ಕ್ರೂ ತಿರುಗಿಸಿ, ಬೆರಳಿಂದ ಬಡಿದರೆ ಹಲಗಿ ವಾದ್ಯದ ಸದ್ದು ಬರಬೇಕು. ಆ ಸದ್ದು ಬರುವವರೆಗೆ ಆಪಾ ಸೂಜಿಗೆ ದಾರ ಪೋಣಿಸಗೊಡುತ್ತಿರಲಿಲ್ಲ. ಮಧ್ಯಾಹ್ನ ಆ ಕೋಣೆಯಲ್ಲಿ ಕೂತು ನಾವಿಬ್ಬರೂ ರಿಂಗುಗಳನ್ನು ಬಡಿಯುವುದನ್ನು ಕೇಳಿ ಪಕ್ಕದ ಮನೆಯ ಅಜ್ಜಿ, "ಏನ್ರವಾ, ಯಾರ ಮನ್ಯಾಗ ಸೋಬಾನ?" ಎಂದು ಇಣುಕುತ್ತಿದ್ದಳು.

ಇನ್ನೊಂದು ಸಲ ದಿಂಬಿನ ಗಲೀಫಿನ ಮೇಲೆ ಬಳ್ಳಿ ಹಾಕುತ್ತಿದ್ದೆ. ತಲೆದಿಂಬಿಗೆ ತೊಡಿಸುವ ಚೀಲಕ್ಕೆ ನಮ್ಮ ಕಡೆ ಗಲೀಫು ಎನ್ನುತ್ತೇವೆ. ಬಳ್ಳಿ ಎಷ್ಟು ಚೆನ್ನಾಗಿ ಬಂತೆಂದರೆ ನನಗೇ ನಂಬಿಕೆಯಾಗಲಿಲ್ಲ. ಆಪಾನಿಗೆ ತೋರಿಸಲು ಎದ್ದೆ. ನನ್ನ ಜೊತೆ ನನ್ನ ದಾವಣಿಯೂ ಏಳಬೇಕಿತ್ತು, ಏಳಲಿಲ್ಲ. ಅದರ ಸೆರಗನ್ನು ಗಲೀಫಿಗೆ ಸೇರಿಸಿ ಹನ್ನೆರಡು ಎಲೆ, ನಾಲ್ಕು ಮೊಗ್ಗು ಹೊಲಿದುಬಿಟ್ಟಿದ್ದೆ. ಆಪಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ಮ್ಯಾಲ ನೋಡಿದ್ರ ಆಗಲ್ಲ ಬೇಟಿ. ಸೂಜಿ ಇಳಿಸೋಕಿಂತ ಮೊದಲು ಒಮ್ಮಿ ಕೆಳಗ ಕೈ ಆಡಿಸಬೇಕು." ಕೂತು ಬಿಚ್ಚಲು ಸಂಜೆಯಾಯಿತು. ಆ ಸಂಜೆ ನನಗೆ ಮಂಡಕ್ಕಿ ಮೆಣಸಿನಕಾಯಿ ತರಿಸಿಕೊಟ್ಟದ್ದೂ ಆಪಾನೇ. ಈಗಲೂ ಮಂಡಕ್ಕಿ ಕಲಸುವ ವಾಸನೆ ಮೂಗಿಗೆ ಬಡಿದರೆ ನನ್ನ ಕೈ ತಾನಾಗಿ ಸೆರಗು ಹುಡುಕುತ್ತದೆ.

ವಾಸನೆ ಎಂದರೆ ನೆನಪಾಯಿತು. ಡಿಸೈನು ಇಳಿಸುವುದಕ್ಕೆ ತೆಳು ಕಾಗದದ ಮೇಲೆ ಚಿತ್ರ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಸಣ್ಣ ತೂತು ಹಾಕಿ, ಸೀಮೆಎಣ್ಣೆಯಲ್ಲಿ ನೀಲಿ ಪುಡಿ ಕಲಸಿ ಬಟ್ಟೆಯ ಉಂಡೆಯಿಂದ ಒರೆಸುತ್ತಿದ್ದೆವು. ಕಾಗದ ಎತ್ತಿದರೆ ಬಟ್ಟೆಯ ಮೇಲೆ ನೀಲಿ ಚುಕ್ಕೆಗಳ ಹೂವು. ಎಣ್ಣೆ ಹೆಚ್ಚಾದರೆ ಹೂವಿನ ಬದಲು ಕಲೆ. ಕಾಗದ ಮಗುಚಿ ಬಿದ್ದರೆ ಇನ್ನೊಂದು ಫಜೀತಿ. ಎದುರುಬದುರು ಕೂತು ಮಾತಾಡಬೇಕಾದ ಎರಡು ಗಿಳಿಗಳು ನನ್ನ ಕೈಯಲ್ಲಿ ಒಂದು ಸಲ ಬೆನ್ನಿಗೆ ಬೆನ್ನು ತಿರುಗಿಸಿ ಕೂತವು. ಹೊಸ ಮದುಮಕ್ಕಳ ದಿಂಬು ಅದು. "ಇವು ಈಗ ಜಗಳ ಆಡ್ಯಾವ, ನಾಳಿಗಿ ಸರಿ ಹೋಗ್ತಾವ," ಎಂದು ಆಪಾ ನಡುವೆ ಒಂದು ದೊಡ್ಡ ಗುಲಾಬಿ ಹಾಕಿ ಮಾನ ಉಳಿಸಿದಳು. ಕೆಂಪು ರೇಷ್ಮೆ ದಾರವನ್ನು ಉಪ್ಪು ನೀರಲ್ಲಿ ನೆನೆಸದೆ ಬಿಳಿ ಬಟ್ಟೆಗೆ ಹಾಕಿ, ಮೊದಲ ಒಗೆತಕ್ಕೇ ಗುಲಾಬಿಯ ಬಣ್ಣ ಸುತ್ತಮುತ್ತ ಹರಡಿದ ಕಥೆಯನ್ನು ಇಲ್ಲಿ ಹೇಳುವುದಿಲ್ಲ. ಅಷ್ಟು ಮರ್ಯಾದೆ ನನಗೂ ಉಳಿಯಲಿ.

ಏನೇ ಹೊಲಿದು ಒಯ್ದು ತೋರಿಸಿದರೂ ಆಪಾ ಹೇಳುತ್ತಿದ್ದ ಮಾತು ಒಂದೇ: "ಮುಂದಿಂದು ಆಮ್ಯಾಲ ತೋರಸು. ಹಿಂದಿಂದು ತಾ ಮೊದಲು." ಗಂಟು, ಉದ್ದುದ್ದ ಬಿಟ್ಟ ದಾರ, ಒಂದು ಹೂವಿನಿಂದ ಇನ್ನೊಂದಕ್ಕೆ ಕತ್ತರಿಸದೆ ಎಳೆದ ಸೋಮಾರಿತನ, ಎಲ್ಲ ಹಿಂದೆ ಸಿಕ್ಕಿಬೀಳುತ್ತಿದ್ದವು.

ಮದುವೆ ಸೀಸನ್ನಿನಲ್ಲಿ ಆಪಾನಿಗೆ ಹೆಚ್ಚು ಬರುತ್ತಿದ್ದದ್ದು ಗಲೀಫುಗಳ ಕೆಲಸ. ಎರಡು ಗಿಳಿ, ಅವುಗಳ ಕೆಳಗೆ ಈ ಕಡೆ ಒಂದು ಗುಲಾಬಿ, ಆ ಕಡೆ ಒಂದು ಗುಲಾಬಿ, ನಡುವಿನ ಜಾಗದಲ್ಲಿ ಹೆಸರು. ಒಂದರಲ್ಲಿ ಮದುಮಗಳದು, ಒಂದರಲ್ಲಿ ಮದುಮಗನದು. ಆಪಾನಿಗೆ ಕನ್ನಡ ಮಾತು ನಮ್ಮಷ್ಟೇ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಕಲಿತದ್ದು ಉರ್ದು ಓದು. ಹಾಗಾಗಿ ಯಾರಾದರೂ ಚೀಟಿಯಲ್ಲಿ ಹೆಸರು ಬರೆದುಕೊಡಬೇಕಿತ್ತು. ಅದನ್ನು ಆಕೆ ಎದುರಿಗೆ ಇಟ್ಟುಕೊಂಡು ಹೂವಿನ ಹಾಗೆಯೇ ಚಿತ್ರವೆಂದು ನೋಡಿ ನೇರವಾಗಿ ಬಟ್ಟೆಯ ಮೇಲೆ ಹೊಲಿಯುತ್ತಿದ್ದಳು. ಉರ್ದು ಬರೆಯುವುದು ಬಲದಿಂದ ಎಡಕ್ಕೆ. ಆಪಾ ಕನ್ನಡದ ಹೆಸರನ್ನೂ ಬಲಗಡೆಯ ಗುಲಾಬಿಯಿಂದಲೇ ಶುರು ಮಾಡುತ್ತಿದ್ದಳು. ಕೊನೆಯ ಅಕ್ಷರ ಮೊದಲು, ಮೊದಲ ಅಕ್ಷರ ಕೊನೆಗೆ. "ಕೈ ಹಂಗ ಕೂತೈತಿ, ಏನ್ಮಾಡ್ಲಿ," ಎನ್ನುತ್ತಿದ್ದಳು.

ಜಾಗದ ಅಂದಾಜು ಯಾರಿಗಾದರೂ ಒಂದಿಷ್ಟು ತಪ್ಪುತ್ತದೆ. ಎಡದಿಂದ ಹೊಲಿಯುವವರಿಗೆ ಕೊನೆಯ ಅಕ್ಷರಕ್ಕೆ ಜಾಗ ಸಾಲದೆ ಅದು ಇಕ್ಕಟ್ಟಾಗುತ್ತದೆ. ಸೈನ್‌ಬೋರ್ಡು ಬರೆಯುವವರಿಗೂ ಹಾಗೆಯೇ. ಆದರೆ ಆಪಾನ ಗಲೀಫುಗಳಲ್ಲಿ ಮೊದಲ ಅಕ್ಷರ ಇಕ್ಕಟ್ಟು. ಉಳಿದವೆಲ್ಲ ದುಂಡಗೆ, ಧಾರಾಳವಾಗಿ ಕೂತಿದ್ದರೆ ಎಡತುದಿಯಲ್ಲಿ ಮೊದಲ ಅಕ್ಷರವೊಂದು ಬಸ್ಸಿನಲ್ಲಿ ಕೊನೆಗೆ ಹತ್ತಿದವರ ಹಾಗೆ ಮುದುಡಿಕೊಂಡು ನಿಂತಿರುತ್ತಿತ್ತು. ಕೊಟ್ಟೂರು, ಉಜ್ಜಿನಿ, ಕೂಡ್ಲಿಗಿ ಕಡೆಯ ಎಷ್ಟೋ ಮನೆಗಳ ಮಂಚದ ಮೇಲೆ ನಾನು ಆ ಮುದುಡಿದ ಅಕ್ಷರವನ್ನು ನೋಡಿದ್ದೇನೆ. ನೋಡಿದ ಕೂಡಲೇ, ಇದು ಆಪಾನ ಕೈ ಎಂದು ಹೇಳಿದ್ದೇನೆ. ತಪ್ಪಿನಿಂದಲೇ ಗುರುತು ಸಿಗುವ ಕೆಲಸ ಅದು.

ನಾನು ಸೇರಿದ ಮೇಲೆ ಚೀಟಿ ಬರೆಯುವ ಅಧಿಕಾರ ನನ್ನದಾಯಿತು. ಕನ್ನಡದಲ್ಲಿ ಒಳ್ಳೆಯ ಅಂಕ ಬಂದವಳಲ್ಲವೇ! ದುಂಡಗೆ ಬರೆದುಕೊಡುತ್ತಿದ್ದೆ. ಆಪಾ ಕೆಲಸ ಮುಗಿದ ಮೇಲೂ ಚೀಟಿಗಳನ್ನು ಎಸೆಯುತ್ತಿರಲಿಲ್ಲ. ಅದೇ ಹೆಸರು ಮತ್ತೆ ಬಂದೀತು ಎಂದು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಡುತ್ತಿದ್ದಳು. ನಮ್ಮೂರಿನ ಮಟ್ಟಿಗೆ ಅದು ಬುದ್ಧಿವಂತಿಕೆಯೇ. ಕೊಟ್ರೇಶ ಎಂಬ ಒಂದೇ ಚೀಟಿ ಎಂಟು ಮದುವೆಗೆ ಬಂತು.

ಒಂದು ದಿನ ಬಾಬಿನ್ನಿಗೆ ದಾರ ಸುತ್ತುತ್ತ ಆಪಾ ಕೇಳಿದಳು. "ಕೊಟ್ರಿ, ನನಗ ನಿಮ್ಮ ಅಕ್ಷರ ಕಲಸ್ತೀಯೇನು? ಇಷ್ಟು ಮಂದಿ ಹೆಸರು ಹೊಲದೀನಿ. ಯಾರ ಹೆಸರು ಅಂತ ನನಗ ಗೊತ್ತಿಲ್ಲ ನೋಡು."

"ಅದೇನ್ ದೊಡ್ಡ ಮಾತ್ರಿ ಆಪಾ," ಎಂದೆ ನಾನು, ದೊಡ್ಡ ಪಂಡಿತೆಯ ಗತ್ತಿನಲ್ಲಿ. "ಈ ಸೀಸನ್ ಮುಗೀಲಿ, ಕಲಿಸಿಬಿಡ್ತೀನಿ."

ಸೀಸನ್ ಮುಗಿಯಿತು. ಮಳೆಗಾಲ ಬಂತು. ಶ್ರಾವಣ ಕಳೆಯಲಿ ಎಂದೆ. ಆಮೇಲೆ ದೀಪಾವಳಿ ಎಂದೆ. ಕಲಿಸಲು ನನಗೆ ಮನಸ್ಸಿರಲಿಲ್ಲ ಎಂದಲ್ಲ. ಆ ಮನೆಯಲ್ಲಿ ಆಪಾನಿಗೆ ಬಾರದ್ದು, ನನಗೆ ಬರುವಂಥದ್ದು ಅದೊಂದೇ ಇತ್ತು. ಅದನ್ನೂ ಕೊಟ್ಟುಬಿಟ್ಟರೆ ನಾನು ಬರೀ ಗುಬ್ಬಿ ಗೂಡು ಕಟ್ಟುವವಳಾಗಿ ಉಳಿಯುತ್ತೇನೆ ಎಂಬ ಸಣ್ಣತನ ಎಲ್ಲೋ ಇತ್ತು. ಆಗ ಅದು ಸಣ್ಣತನ ಎಂದು ಗೊತ್ತಿರಲಿಲ್ಲ, ಈಗ ಚೆನ್ನಾಗಿ ಗೊತ್ತಿದೆ.

ಮುಂದಿನ ಸೀಸನ್ನಿಗೆ ಉಜ್ಜಿನಿಯಿಂದ ಒಬ್ಬ ಅಮ್ಮ ಬಂದರು. ಮಗಳ ಮದುವೆ, ವರ ತಂಬ್ರಹಳ್ಳಿಯವನು. ಮಗಳ ಹೆಸರು ಸುಮಂಗಲಾ, ಅಳಿಯನದು ಮಂಜುನಾಥ. ಅವರು ಬಾಯಲ್ಲಿ ಹೇಳಿದರು, ನಾನು ಚೀಟಿಯಲ್ಲಿ ಬರೆದೆ. ನಮ್ಮ ಕಡೆಯ ಬಾಯಿ ನಿಮಗೆ ಗೊತ್ತೇ ಇದೆ. ಮಹಾಪ್ರಾಣ ನಮ್ಮ ನಾಲಿಗೆಯ ಮೇಲೆ ನಿಲ್ಲುವುದಿಲ್ಲ. ಧನಲಾಭ ಎಂದು ಬರೆಯಬೇಕಾದಲ್ಲಿ ನಾನು ದನಲಾಬ ಎಂದು ಬರೆದು ಕನ್ನಡ ಮೇಷ್ಟ್ರಿಂದ ಕೊಟ್ಟಿಗೆಯ ಉಸ್ತುವಾರಿ ಎಂಬ ಬಿರುದು ಪಡೆದಿದ್ದವಳು. ಅವರು ಹೇಳಿದ್ದು ಹೇಗೆ ಕೇಳಿಸಿತೋ ಹಾಗೆ ಬರೆದೆ. ಮಂಜುನಾತ. ಹೊಟ್ಟೆಯಲ್ಲಿ ಚುಕ್ಕೆಯಿರುವ ಥ ಹೋಗಿ ಬರೀ ತ ಬಂದು ಕೂತಿತು. ಆಪಾ ಆ ತಕಾರವನ್ನು ಬಲಗಡೆಯ ಗುಲಾಬಿಗೆ ತಾಗಿಸಿ, ನೇರಳೆ ಬಣ್ಣದ ರೇಷ್ಮೆಯಲ್ಲಿ, ದುಂಡಗೆ, ದೊಡ್ಡದಾಗಿ, ಮುದ್ದಾಗಿ ಹೊಲಿದಳು. ಅಷ್ಟು ಚೆಂದದ ತಕಾರವನ್ನು ನಾನು ಪುಸ್ತಕದಲ್ಲೂ ನೋಡಿಲ್ಲ.

ಮದುವೆಯಾಗಿ ವಾರಕ್ಕೆ ಆ ಅಮ್ಮ ಗಲೀಫು ಹಿಡಿದುಕೊಂಡು ಬಾಗಿಲಲ್ಲಿ ನಿಂತರು. ತಂಬ್ರಹಳ್ಳಿಯಲ್ಲಿ ಹೊಸ ಮಂಚದ ಮೇಲೆ ದಿಂಬು ಇಟ್ಟಾಗ ಬೀಗರ ಮನೆಯ ಯಾವುದೋ ಹುಡುಗಿ ಗಟ್ಟಿಯಾಗಿ ಓದಿದ್ದಳಂತೆ.

"ನಮ್ಮ ಅಳಿಯನ ಹೆಸರಿನ್ಯಾಗ ನಾತ ಹೊಡಿಸೀರಲ್ರಿ ಆಪಾ! ಅಲ್ಲಿ ಹುಡುಗ್ರು ಮೂಗು ಹಿಡಕೊಂಡು ಮನಿ ತುಂಬ ಓಡ್ಯಾಡ್ಯಾವ. ನನ್ನ ಮಗಳು ಅಳಕೊಂತ ಕುಂತಾಳ. ಬೀಗರ ಮುಂದ ನಾವು ಮಾರಿ ಹ್ಯಾಂಗ ತೋರಿಸೋದು?"

ನನ್ನ ಕಾಲು ಪೆಡಲ್ಲಿನ ಮೇಲೆ ನಿಂತೇಹೋಯಿತು. ಆಪಾನಿಗೆ ಮೊದಲು ಅರ್ಥವಾಗಲಿಲ್ಲ. ಗಲೀಫನ್ನು ಕೈಗೆ ತೆಗೆದುಕೊಂಡು ಅಭ್ಯಾಸಬಲದಿಂದ ತಿರುವಿ ಹಿಂಭಾಗ ನೋಡಿದಳು. ಅಲ್ಲಿ ಒಂದು ಗಂಟಿರಲಿಲ್ಲ. ಮತ್ತೆ ಮುಂದೆ ತಿರುಗಿಸಿ ಅಕ್ಷರಗಳ ಮೇಲೆ ಬೆರಳಾಡಿಸಿದಳು.

"ಓದಾಕ ಬರದವರ ಕೈಗೆ ಕೊಟ್ಟಿದ್ದು ನಮ್ಮದ ತಪ್ಪು ಬಿಡ್ರಿ," ಎಂದು ಆ ಅಮ್ಮ ಕೊನೆಯ ಅಕ್ಷರದ ಮೇಲೆ ಬೆರಳು ಕುಟ್ಟಿದರು.

ಆ ಮಾತು ಆಪಾನಿಗೆ ಎಲ್ಲಿ ತಾಗಿತು ಎಂದು ನಾನು ಕಂಡೆ. ಆಕೆಯ ಕಿವಿ ಕೆಂಪಾಯಿತು. ಆದರೂ, "ಕುಂದರ್ರಿ ಅಕ್ಕಾರೆ, ನಂದ ತಪ್ಪಾಗೈತಿ. ಬಿಚ್ಚಿ ಬ್ಯಾರೆ ಹಾಕಿ ಕೊಡ್ತೀನಿ," ಎಂದು ನೀರು ತರಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಕೊಟ್ರಿ, ಆ ಕಡೀ ಅಕ್ಷರ ಇನ್ನೊಮ್ಮಿ ಬರದು ಕೊಡು," ಎಂದಳು.

ಬರೆದೆ. ಈ ಸಲ ಥ. ಆಪಾ ಚೀಟಿಯನ್ನು ಬೆಳಕಿಗೆ ಹಿಡಿದು, ಗಲೀಫಿನ ಪಕ್ಕ ಇಟ್ಟು, ಎರಡನ್ನೂ ನೋಡಿದಳು. "ಮೊದಲಿನ ಚೀಟ್ಯಾಗ ಹಿಂಗಿರಲಿಲ್ಲಲ್ಲ?" ಎಂದು ಮೆಲ್ಲಗೆ ಕೇಳಿದಳು.

ಬಿಸ್ಕತ್ತಿನ ಡಬ್ಬಿ ಗೂಡಿನಲ್ಲಿತ್ತು, ಕೈಗೆಟುಕುವಷ್ಟು ಹತ್ತಿರ. ಆ ಅಮ್ಮ ನನ್ನನ್ನೇ ನೋಡುತ್ತಿದ್ದರು. ಕನ್ನಡದಲ್ಲಿ ಒಳ್ಳೆಯ ಅಂಕ ತೆಗೆದ ನನ್ನ ಬಾಯಿಂದ ಬಂದ ಮಾತು ಇದು: "ಹಿಂಗ ಇತ್ರಿ ಆಪಾ. ನೀವು ಸರೀ ನೋಡಿಲ್ಲ ಕಾಣ್ತೈತಿ."

"ಇರಬೌದು," ಎಂದಳು ಆಪಾ. ಡಬ್ಬಿ ತೆಗೆಯಲಿಲ್ಲ.

ತಪ್ಪು ಹೊಲಿದದ್ದನ್ನು ಬಿಚ್ಚುವ ರೀತಿಯನ್ನು ಆವತ್ತು ನೋಡಿ ಕಲಿತೆ. ಮುಂದಿನಿಂದ ಎಳೆಯಬಾರದು, ಬಟ್ಟೆ ಹರಿಯುತ್ತದೆ. ಹಿಂದಿನಿಂದ ಬ್ಲೇಡಿನ ಮೂಲೆಯಲ್ಲಿ ಕೆಳದಾರವನ್ನು ಎರಡೆರಡು ಟಾಕಿಗೆ ಕತ್ತರಿಸಬೇಕು. ಆಮೇಲೆ ಮೇಲಿನ ದಾರ ತಾನಾಗಿ ಬಿಟ್ಟುಕೊಡುತ್ತದೆ. ಉಳಿದ ಸೂಜಿಯ ತೂತುಗಳ ಮೇಲೆ ನೀರು ಸವರಿ ಹೆಬ್ಬೆರಳ ಉಗುರಿನಿಂದ ಅಡ್ಡಕ್ಕೂ ಉದ್ದಕ್ಕೂ ಉಜ್ಜಿದರೆ ಎಳೆಗಳು ಕೂಡಿಕೊಂಡು ತೂತು ಮುಚ್ಚುತ್ತವೆ. ಆಪಾ ಉಜ್ಜಿದಳು, ಇಸ್ತ್ರಿ ಮಾಡಿದಳು, ಥ ಹೊಲಿದಳು. ಕೊಟ್ಟಾಗ ಆ ಅಮ್ಮನಿಗೆ ಏನೂ ಕಾಣಲಿಲ್ಲ. ನನಗೆ ಮಾತ್ರ ಥದ ಕೆಳಗೆ ಆ ತ ಈಗಲೂ ಕಾಣುತ್ತದೆ.

ಮಾತು ಉಜ್ಜಿನಿಯಿಂದ ಕೊಟ್ಟೂರಿಗೆ ಬರಲು ಎಷ್ಟು ಹೊತ್ತು? ಹೆಸರಿನ ಕೆಲಸಗಳು ಕಡಿಮೆಯಾದವು. ಹೂವು ಇಲ್ಲಿ ಹಾಕಿಸಿ ಹೆಸರು ಬೇರೆ ಕಡೆ ಹಾಕಿಸುವವರೂ ಇದ್ದರು. ಆಪಾ ಆ ವಿಷಯವನ್ನು ಮತ್ತೆ ಎತ್ತಲಿಲ್ಲ. ಅಕ್ಷರ ಕಲಿಸು ಎಂದೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಆ ಕ್ಷಣವೇ ಕಲಿಸುತ್ತಿದ್ದೆ. ನಾನಾಗಿಯೇ ಕಲಿಸುತ್ತೇನೆ ಎನ್ನಲು ಬಾಯಿ ಬರಲಿಲ್ಲ. ಸುಳ್ಳು ಹೇಳಿದವಳಿಗೆ ಆಪಾನ ಎದುರು ಕೂತು ತ, ಥ ಎಂದು ಹೇಳಿಕೊಡುವ ಧೈರ್ಯ ಎಲ್ಲಿಂದ ಬರಬೇಕು? ಆ ವರ್ಷ ಶಬಾನಾಳನ್ನು ಕನ್ನಡ ಶಾಲೆಯ ಒಂದನೇ ಇಯತ್ತೆಗೆ ಹಾಕಿದ್ದರು. ಮಿಷನ್ನಿನ ಹಲಗೆಯ ಮೇಲೆ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಸೊಟ್ಟ ಸೊಟ್ಟ ಅಕ್ಷರಗಳು ಬಿದ್ದಿರುತ್ತಿದ್ದವು. ಬೆಳಿಗ್ಗೆ ಬಂದವಳೇ ನಾನು ಅವನ್ನು ಒರೆಸಿ ಕೂರುತ್ತಿದ್ದೆ. ಮಕ್ಕಳು ಎಲ್ಲೆಂದರಲ್ಲಿ ಗೀಚುತ್ತವೆ ಎಂದು ಗೊಣಗಿದ್ದೂ ಇದೆ.

ಮರುವರ್ಷ ನನಗೆ ಹರಪನಹಳ್ಳಿಯ ಸಂಬಂಧ ಗೊತ್ತಾಯಿತು. ಮದುವೆಗೆ ಎರಡು ದಿನ ಇರುವಾಗ ಆಪಾ ಮನೆಗೆ ಬಂದು ಪೇಪರಿನಲ್ಲಿ ಸುತ್ತಿದ ಒಂದು ಗಂಟು ಕೊಟ್ಟಳು. ಬಿಚ್ಚಿದರೆ ಗಲೀಫು. ಗಿಳಿ, ಗುಲಾಬಿ, ನಡುವೆ ನೇರಳೆ ಬಣ್ಣದಲ್ಲಿ ಕೊಟ್ರಮ್ಮ.

"ಒಂದ ಮಾಡೀನಿ. ನಿನ್ನ ಗಂಡನ ಹೆಸರು ಬರದಿಲ್ಲ. ಅದು ತಪ್ಪಾದ್ರ ನಿಮ್ಮತ್ತಿ ನನ್ನ ಬಿಡಾಕಿಲ್ಲ," ಎಂದು ನಕ್ಕಳು ಆಪಾ.

ಮನೆಯವರೆಲ್ಲ ನಕ್ಕರು. ನನಗೆ ನಗಲು ಆಗಲಿಲ್ಲ. "ಪುರುಸೊತ್ತಾದಾಗ ಸರಿಯಾಗಿ ನೋಡು," ಎಂದು ನನ್ನ ಕೆನ್ನೆ ಸವರಿ ಹೊರಟಳು. ಬಾಗಿಲವರೆಗೆ ಹಿಂದೆ ಹೋದೆ. ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಬಳೆಗಾರ ಬಂದ ಎಂದು ಯಾರೋ ಕೂಗಿದರು. ನಾನು ಬಳೆ ಇಡಿಸಿಕೊಳ್ಳಲು ಕೂತೆ.

ಬಾಣಂತನಕ್ಕೆ ತವರಿಗೆ ಹೋದಾಗ ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಮೊದಲು ಆ ಓಣಿಗೇ ಹೋದೆ. ಮನೆಯ ಮುಂದೆ ಬೇರೆ ಯಾರದೋ ಬಟ್ಟೆ ಒಣಗುತ್ತಿತ್ತು. ಆಪಾನ ಗಂಡನಿಗೆ ಹೊರಗೆಲ್ಲೋ ಗ್ಯಾರೇಜಿನಲ್ಲಿ ಕೆಲಸ ಸಿಕ್ಕಿ ಎಲ್ಲ ಸಾಮಾನು ಕಟ್ಟಿಕೊಂಡು ಹೋದರಂತೆ. ಪಕ್ಕದ ಮನೆಯ ಅಜ್ಜಿ ಗಂಗಾವತಿ ಅಂದಳು. ಆಕೆಯ ಸೊಸೆ, ಅಲ್ಲ, ಸಿಂಧನೂರು ಅಂದಳು. ಇಬ್ಬರೂ ವಾದ ಮಾಡುತ್ತಿದ್ದಂತೆ ನಾನು ಆ ಕಿಟಕಿಯನ್ನೇ ನೋಡುತ್ತ ನಿಂತೆ.

ಗಲೀಫನ್ನು ನಾನು ಒಂದು ದಿನವೂ ದಿಂಬಿಗೆ ಹಾಕಿರಲಿಲ್ಲ. ಟ್ರಂಕಿನ ತಳದಲ್ಲಿ ಮಡಚಿ ಇಟ್ಟಿದ್ದೆ. ಅದರ ಮೇಲೆ ತಲೆಯಿಟ್ಟರೆ ನಿದ್ದೆ ಬರುವುದಿಲ್ಲ ಎಂಬ ಭಯ. ಊರಲ್ಲಿ ಎಲ್ಲರ ಬಟ್ಟೆಯ ಹಿಂಭಾಗ ತಿರುವಿ ನೋಡುವ ನಾನು ಅದೊಂದನ್ನು ಮಾತ್ರ ನೋಡಲಿಲ್ಲ. ಕಂಪ್ಯೂಟರ್ ಮಿಷನ್ನಿನ ನವಿಲು ನೋಡಿ ಬಂದ ದಿನ ತಡೆಯಲಾಗದೆ ಟ್ರಂಕು ತೆಗೆದೆ. ಅಂದು ಆ ಓಣಿಗೆ ಎತ್ತಿಕೊಂಡು ಹೋಗಿದ್ದ ನನ್ನ ಮಗಳು ಈಗ ಒಂದನೇ ಇಯತ್ತೆಯವಳು, ಕಂಡ ಕಂಡ ಅಕ್ಷರವನ್ನೆಲ್ಲ ಬೆರಳಿಟ್ಟು ಓದುವ ಹುಚ್ಚು ಅವಳಿಗೆ. ಗಲೀಫು ಹಾಸಿದ ಕೂಡಲೇ ಪಕ್ಕಕ್ಕೆ ಬಂದು ಕೂತಳು.

"ಕೊ... ಟ್ರ... ಮ್ಮ. ನಿನ್ನ ಹೆಸರು! ಅಮ್ಮಾ, ಕೊನೇ ಅಕ್ಷರಕ್ಕೆ ಜಾಗ ಸಾಲ್ಲಿಲ್ಲೇನು? ನಾವು ಹಿಂಗೆ ಬರೆದ್ರೆ ಮಿಸ್ಸು ಬೈತಾರೆ."

ನೋಡಿದೆ. ಕೊ ದೊಡ್ಡದಾಗಿತ್ತು, ದುಂಡಗಿತ್ತು. ಟ್ರ ಅದಕ್ಕಿಂತ ತುಸು ಸಣ್ಣದು. ಬಲಗಡೆಯ ಗುಲಾಬಿಯ ಹತ್ತಿರ ಮ್ಮ ಮುದುಡಿಕೊಂಡು ನಿಂತಿತ್ತು.

ತಿರುವಿದೆ. ಹಿಂಭಾಗದಲ್ಲಿ ದಾರ ಶುರುವಾದ ಜಾಗ ಕೊ ಇರುವ ಕಡೆಗೇ ಇತ್ತು. ಆಪಾ ನನ್ನ ಹೆಸರನ್ನು ಎಡದಿಂದ ಶುರು ಮಾಡಿದ್ದಳು. ಚಿತ್ರ ನೋಡಿ ಹೊಲಿದದ್ದಲ್ಲ, ಬರೆದದ್ದು. ಅದಕ್ಕೆ ನಾನು ಚೀಟಿ ಕೊಟ್ಟಿರಲಿಲ್ಲ, ನನ್ನ ಹೆಸರಿನ ಚೀಟಿಯನ್ನು ಯಾವತ್ತೂ ಬರೆದೇ ಇರಲಿಲ್ಲ. ಮಿಷನ್ನಿನ ಹಲಗೆಯ ಮೇಲೆ ನಾನು ದಿನಾ ಒರೆಸಿ ಹಾಕುತ್ತಿದ್ದ ಸೊಟ್ಟ ಅಕ್ಷರಗಳು ಬರೀ ಶಬಾನಾಳವಲ್ಲ. ಮಗಳ ಜೊತೆ ತಾಯಿಯೂ ಒಂದನೇ ಇಯತ್ತೆ ಓದಿದ್ದಳು, ನಾನು ಕಲಿಸುತ್ತೇನೆ ಎಂದು ಕಲಿಸದೆ ಹೋದದ್ದನ್ನು ಅವಳಿಂದ ಕಲಿತಿದ್ದಳು.

ಅಷ್ಟಕ್ಕೇ ನನ್ನ ಕಣ್ಣು ತುಂಬಿತ್ತು. ಇನ್ನೊಂದು ವಿಷಯ ಹೊಳೆದದ್ದು ಆಮೇಲೆ, ಗಲೀಫನ್ನು ಮತ್ತೆ ಮಡಚುವಾಗ. ಹೊಸದಾಗಿ ಅಕ್ಷರ ಕಲಿತವರು ಸುಮ್ಮನಿರುತ್ತಾರೆಯೇ? ನನ್ನ ಮಗಳನ್ನೇ ನೋಡಿ, ಮನೆಯಲ್ಲಿ ಬರಹ ಇರುವ ಒಂದು ಡಬ್ಬಿಯನ್ನೂ ಬಿಟ್ಟಿಲ್ಲ. ಆಪಾನ ಮನೆಯಲ್ಲಿ ಕನ್ನಡ ಬರಹವೆಂದು ಇದ್ದದ್ದು ಆ ಬಿಸ್ಕತ್ತಿನ ಡಬ್ಬಿಯ ಚೀಟಿಗಳು. ಒಂದೊಂದೇ ಬಿಚ್ಚಿ ಬೆರಳಿಟ್ಟು ಓದಿರುತ್ತಾಳೆ. ಯಾರ ಯಾರ ಹೆಸರು ಹೊಲಿದೆ ಎಂದು ಕೊನೆಗೂ ತಿಳಿದುಕೊಂಡಿರುತ್ತಾಳೆ. ಹಾಗೆ ಓದುತ್ತ ಓದುತ್ತ ನನ್ನ ದುಂಡು ಅಕ್ಷರದ ಮಂಜುನಾತನ ಹತ್ತಿರ ಬಂದಿರುತ್ತಾಳೆ. ತ ಯಾವುದು, ಥ ಯಾವುದು ಎಂದು ಆಕೆಗೆ ಆಗ ಗೊತ್ತಿತ್ತು.

ಅದನ್ನು ಓದಿದ ಮೇಲೆಯೇ ಆಪಾ ನನ್ನ ಹೆಸರು ಹೊಲಿದದ್ದು. ಅದೇ ನೇರಳೆ ದಾರದಲ್ಲಿ.

ಈಗ ಆ ಗಲೀಫು ನನ್ನ ದಿಂಬಿನ ಮೇಲಿದೆ. ನೀವು ಗಂಗಾವತಿಯ ಕಡೆಯವರೋ ಸಿಂಧನೂರಿನ ಕಡೆಯವರೋ ಆಗಿದ್ದರೆ ಒಂದು ಉಪಕಾರ ಮಾಡಿ. ಯಾರದಾದರೂ ಮನೆಯಲ್ಲಿ ಗಿಳಿ, ಗುಲಾಬಿಯ ಗಲೀಫು ಕಂಡರೆ ತಿರುವಿ ನೋಡಿ. ಹಿಂದೆ ಒಂದೂ ಗಂಟಿಲ್ಲದಿದ್ದರೆ ಯಾರು ಮಾಡಿದ್ದು ಎಂದು ವಿಚಾರಿಸಿ. ಮೆಹರುನ್ನೀಸಾ ಆಪಾ ಎಂದರೆ, ಆಕೆಯ ಬಾಗಿಲಿಗೆ ಹೋಗಿ ಒಂದು ಮಾತು ಹೇಳಿ. ಚೀಟಿಯಲ್ಲಿ ತ ಅಂತ ಬರದಾಕಿ ಕೊಟ್ರೀನ ಅಂತ್ರಿ ಆಪಾ, ಅಂತ. ಆಕೆಗೆ ಅದು ಗೊತ್ತಿದೆ. ಆದರೂ ಹೇಳಿ, ನಾನೇ ಹೇಳಿ ಕಳಿಸಿದೆ ಅಂತ.